ಸ್ಕ್ರೂ ಇರೋ ವೇಟೆಡ್ ಹುಕ್: ಸಾಫ್ಟ್ ಲ್ಯೂರ್ ಹಾಕೋರು ತಗೋಬಹುದಾ?

ಸಾಫ್ಟ್ ಲ್ಯೂರ್, ಅಂದ್ರೆ ಮೀನು ಹಿಡಿಯೋಕೆ ಹುಕ್‌ಗೆ ಹಾಕೋ ಮೆತ್ತಗಿನ ಪ್ಲಾಸ್ಟಿಕ್ ಮೀನು, ಹುಳ ಇಂಥವು, ತಗೊಳ್ಳೋವಾಗ ಎಲ್ಲರೂ ಬಣ್ಣ ನೋಡ್ತಾರೆ, ವಾಸನೆ ನೋಡ್ತಾರೆ, ಬಾಲ ಹೆಂಗೆ ಅಲ್ಲಾಡುತ್ತೆ ಅಂತ ವಿಡಿಯೋ ಹಾಕ್ಕೊಂಡು ನೋಡ್ತಾರೆ, ಆದ್ರೆ ಅದನ್ನ ಯಾವ ಹುಕ್‌ಗೆ ಹಾಕ್ಬೇಕು ಅನ್ನೋ ಮಾತು ಬಂದ ತಕ್ಷಣ ಡಬ್ಬೀಲಿ ಯಾವುದಿದೆಯೋ ಅದೇ ಸಾಕು ಅಂತ ಬಿಟ್ಬಿಡ್ತಾರೆ. ನನಗೆ ಇದು ಪೂರ್ತಿ ಉಲ್ಟಾ ಅನ್ಸುತ್ತೆ. ಸಾಧಾರಣ ಲ್ಯೂರನ್ನ ಒಳ್ಳೆ ಹುಕ್‌ಗೆ ನೆಟ್ಟಗೆ ಹಾಕಿದ್ರೆ ಮೀನು ಹೊಡೆಯುತ್ತೆ, ದುಬಾರಿ ಲ್ಯೂರನ್ನ ಸೊಟ್ಟಗೆ ಹಾಕಿದ್ರೆ ಅದು ನೀರಲ್ಲಿ ಗಿರಗಿರ ತಿರುಗಿ ದಾರ ತಿರುಚಿಕೊಳ್ಳುತ್ತೆ ಅಷ್ಟೆ. ಅದಕ್ಕೇ ಈ ಸಲ ಹುಕ್ ಬಗ್ಗೆ ಬರೀತಾ ಇದೀನಿ, ಮೂಗಿಗೆ ತಿರುಗಿಸಿ ಕೂರಿಸೋ ಸ್ಪ್ರಿಂಗ್ ಇರೋ, ಹೊಟ್ಟೆ ಹತ್ರ ತೂಕ ಇರೋ ಆಫ್‌ಸೆಟ್ ಹುಕ್. ಕೆಲವರು ಸ್ಕ್ರೂ ಲಾಕ್ ಅಂತಾರೆ, ಕೆಲವರು ಸ್ವಿಮ್‌ಬೇಟ್ ಹುಕ್ ಅಂತಾರೆ, ವಸ್ತು ಒಂದೇ.

ನಾನು ಜಾಸ್ತಿ ಬಳಸೋದು ಜಪಾನಿನ ಓನರ್ ಕಂಪನಿಯ ಟ್ವಿಸ್ಟ್‌ಲಾಕ್ (ಆ ಸ್ಪ್ರಿಂಗಿಗೆ ಅವರಿಟ್ಟ ಹೆಸರು) ಇರೋ ಹುಕ್‌ಗಳನ್ನ, ದೊಡ್ಡ ಲ್ಯೂರ್‌ಗೆ ಅವರದ್ದೇ ಬೀಸ್ಟ್ ಅನ್ನೋ ಹುಕ್. ಬೀಸ್ಟ್ 4/0 ಇಂದ ಶುರುವಾಗಿ 12/0 ತನಕ ಸಿಗುತ್ತೆ. ಹೊಸಬರಿಗೆ ಒಂದು ಮಾತು, ಹುಕ್ ಸೈಜಲ್ಲಿ ಅಡ್ಡಗೆರೆ ಮತ್ತೆ ಸೊನ್ನೆ ಇದ್ರೆ ನಂಬರ್ ಜಾಸ್ತಿ ಆದಷ್ಟೂ ಹುಕ್ ದೊಡ್ಡದು, ಬರೀ ನಂಬರ್ ಇದ್ರೆ ನಂಬರ್ ಜಾಸ್ತಿ ಆದಷ್ಟೂ ಚಿಕ್ಕದು, ಇದು ಗೊತ್ತಿಲ್ದೆ ಆನ್‌ಲೈನಲ್ಲಿ ಆರ್ಡರ್ ಮಾಡಿ ತಪ್ಪು ಸೈಜ್ ತರಿಸ್ಕೊಂಡವರು ಬೇಜಾನ್ ಜನ ಇದಾರೆ.

ಇದರ ಜೀವ ಇರೋದೆಲ್ಲ ಆ ಸ್ಪ್ರಿಂಗಲ್ಲಿ. ಹುಕ್‌ನ ಕಣ್ಣಿನ (ದಾರ ಕಟ್ಟೋ ತೂತಿನ) ಹತ್ರ ಒಂದು ಸಣ್ಣ ಸುರುಳಿ ನೇತಾಡ್ತಾ ಇರುತ್ತೆ, ಅದರ ನಡುವೆ ಒಂದು ನೆಟ್ಟನೆ ಪಿನ್ನು. ಮೊದಲು ಪಿನ್ನನ್ನ ಲ್ಯೂರಿನ ಮೂಗಿನ ಸರಿಯಾಗಿ ಮಧ್ಯಕ್ಕೆ ಚುಚ್ಚಿ ಸುರುಳಿ ಮೂಗಿಗೆ ತಾಗೋ ತನಕ ಒತ್ತಬೇಕು, ಆಮೇಲೆ ಲ್ಯೂರನ್ನ ತಿರುಗಿಸ್ತಾ ಹೋದ್ರೆ ಸುರುಳಿ ತಾನಾಗೇ ಒಳಗೆ ಇಳಿಯುತ್ತೆ. ಪಿನ್ನು ಮೊದಲೇ ದಾರಿ ಮಾಡಿರೋದ್ರಿಂದ ಸುರುಳಿ ಆ ಕಡೆ ಈ ಕಡೆ ಹೋಗಲ್ಲ. ಪಿನ್ನು ಇಲ್ಲದ ಬರೀ ಸುರುಳಿ ಇರೋ ಹುಕ್‌ಗಳೂ ಇವೆ, ಅದ್ರಲ್ಲಿ ಸುರುಳಿ ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತೆ ಅನ್ನೋದು ನಿಮ್ಮ ಕೈಚಳಕದ ಮೇಲೆ ಬಿಟ್ಟಿದ್ದು, ತಣ್ಣಗಿನ ಒದ್ದೆ ಕೈಯಲ್ಲಿ ಮಾಡೋವಾಗ ಈ ಪಿನ್ನಿನ ಬೆಲೆ ಗೊತ್ತಾಗುತ್ತೆ.

ಮೂಗು ಕೂತ್ಮೇಲೆ ಅವಸರ ಮಾಡ್ಬೇಡಿ. ಲ್ಯೂರನ್ನ ಹಿಗ್ಗಿಸದೆ ಕುಗ್ಗಿಸದೆ ಹುಕ್ ಪಕ್ಕಕ್ಕೆ ಸುಮ್ನೆ ನೇತುಹಾಕಿ ಬಿಡಿ, ಹುಕ್‌ನ ಬಾಗು ಲ್ಯೂರಿನ ಹೊಟ್ಟೆಗೆ ಎಲ್ಲಿ ತಾಗುತ್ತೋ ಆ ಜಾಗವನ್ನ ಹೆಬ್ಬೆರಳ ಉಗುರಲ್ಲಿ ಗುರುತು ಮಾಡ್ಕೊಳ್ಳಿ, ಅಲ್ಲಿಂದ ಮೊನೆಯನ್ನ ಮೇಲಕ್ಕೆ ಚುಚ್ಚಿ ಬೆನ್ನಿನ ಸರಿ ನಡುವೆ ಹೊರಗೆ ತನ್ನಿ. ಕೆಲವು ಲ್ಯೂರ್‌ಗೆ ಹೊಟ್ಟೇಲೇ ಸೀಳು ಇರುತ್ತೆ, ಬೆನ್ನ ಮೇಲೆ ಹುಕ್ ಮೊನೆ ಕೂರೋಕೆ ಸಣ್ಣ ಕಾಲುವೆನೂ ಇರುತ್ತೆ, ಈ ಹುಕ್‌ಗೆ ಅಂಥ ಲ್ಯೂರ್ ಹೇಳಿ ಮಾಡಿಸಿದ ಹಾಗೆ. ಕಾಲುವೆ ಇಲ್ಲದಿದ್ರೆ ಮೊನೆ ಹೊರಗೆ ಬಂದ್ಮೇಲೆ ಬೆನ್ನಿನ ಪ್ಲಾಸ್ಟಿಕನ್ನ ಒಂಚೂರು ಮುಂದಕ್ಕೆ ತಳ್ಳಿ ಮೊನೆಯ ತುದಿಯನ್ನ ಮಾತ್ರ ಅದರ ಚರ್ಮದೊಳಗೆ ಅಡಗಿಸಿ. ತುದಿ ಮಾತ್ರ. ಜಾಸ್ತಿ ಒಳಗೆ ಹೋದ್ರೆ ಮೀನು ಕಚ್ಚಿದಾಗ ಮೊನೆ ಹೊರಗೆ ಬರೋಕೆ ಒದ್ದಾಡುತ್ತೆ, ಪೂರ್ತಿ ಹೊರಗಿದ್ರೆ ಮೊದಲ ಜೊಂಡಿಗೇ ಸಿಕ್ಕಿಹಾಕ್ಕೊಳ್ಳುತ್ತೆ. ಮುಗಿದ್ಮೇಲೆ ಲ್ಯೂರನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಮೂಗಿನ ಕಡೆಯಿಂದ ನೋಡಿ, ಬೆನ್ನಿನ ಗೆರೆ ನೇರ ಇದೆಯಾ, ಬಾಲ ಒಂದು ಕಡೆ ವಾಲಿದೆಯಾ ಅಂತ. ಮಧ್ಯದಲ್ಲಿ ಉಬ್ಬಿದ್ರೆ ಮೊನೆ ತೀರಾ ಹಿಂದೆ ಚುಚ್ಚಿದೀರಿ, ಎಳೆದು ಬಿಗಿದ ಹಾಗಿದ್ರೆ ತೀರಾ ಮುಂದೆ. ತೆಗೆದು ಮತ್ತೆ ಹಾಕಿ, ನಾಚ್ಕೋಬೇಡಿ. ದಡದ ಹತ್ರ ನೀರಲ್ಲಿ ಒಂದು ರಾಡ್ ಉದ್ದ ಎಳೆದು ನೋಡಿದ್ರೆ ಮಿಕ್ಕಿದ್ದು ಗೊತ್ತಾಗುತ್ತೆ, ಬಾಲ ಸಮವಾಗಿ ಹೊಡೀತಾ ಮೈ ಎರಡೂ ಕಡೆ ಒಂದೇ ಥರ ಹೊರಳ್ತಾ ಇದ್ರೆ ಸರಿ ಇದೆ.

ಇಷ್ಟೊಂದು ಯಾಕೆ ಎಳೀತೀನಿ ಅಂದ್ರೆ ಪ್ಯಾಡಲ್ ಟೇಲ್ (ಹುಟ್ಟಿನ ಥರ ಅಗಲ ಬಾಲದ ಲ್ಯೂರ್) ಕೆಲಸ ಮಾಡೋದೇ ನೇರ ಇದ್ದಾಗ. ಬಾಲದ ತುದೀಲಿ ಅಗಲವಾಗಿ ಬಾಗಿರೋ ತುಂಡಿಗೆ ನೀರು ಬಡಿದಾಗ ಅದು ಒಂದು ಕಡೆ ಹೋಗುತ್ತೆ, ವಾಪಸ್ ಬರುತ್ತೆ, ಆ ಒದೆತಕ್ಕೆ ಇಡೀ ಮೈ ಸ್ವಲ್ಪ ಸ್ವಲ್ಪ ಹೊರಳುತ್ತೆ, ಆ ನಡುಕವನ್ನೇ ಮೀನು ತನ್ನ ಮೈ ಪಕ್ಕದಲ್ಲಿ ಉದ್ದಕ್ಕೂ ಇರೋ, ನೀರಿನ ಅಲುಗಾಟ ತಿಳಿಯೋ ಗೆರೆಯಿಂದ ಗ್ರಹಿಸೋದು. ರಾಡಿ ನೀರಲ್ಲಿ, ರಾತ್ರಿ ಹೊತ್ತಲ್ಲಿ ಬೇಟೆ ಮೀನು ಲ್ಯೂರ್ ಹುಡುಕ್ಕೊಂಡು ಬರೋದು ಕಣ್ಣಿಗಿಂತ ಜಾಸ್ತಿ ಇದರಿಂದ. ಲ್ಯೂರ್ ಸೊಟ್ಟ ಇದ್ರೆ ಬಾಲಕ್ಕೆ ಒಂದೇ ಕಡೆಯಿಂದ ನೀರು ಬಡಿಯುತ್ತೆ, ನಡುಕ ಸತ್ತು ಹೋಗುತ್ತೆ, ಜೊತೆಗೆ ಬ್ರೇಡ್ (ಎಳೆಗಳಿಂದ ಹೆಣೆದ ದಾರ) ತಿರುಚಿಕೊಂಡು ಮುಂದಿನ ಕ್ಯಾಸ್ಟಲ್ಲಿ, ಅಂದ್ರೆ ಎಸೆತದಲ್ಲಿ, ಗಂಟಾಗುತ್ತೆ.

ಮಾಮೂಲಿ ಆಫ್‌ಸೆಟ್ ಹುಕ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳೋರಿಗೆ. ಮಾಮೂಲಿಯಲ್ಲಿ ಕಣ್ಣಿನ ಕೆಳಗೆ ತಂತಿ ಎರಡು ಸಲ ಮಡಚಿರುತ್ತೆ, ಮೂಗನ್ನ ಆ ಮಡಿಕೆ ಮೇಲೆ ಎಳೆದು ಕೂರಿಸ್ತೀವಿ. ಉದ್ದ ಹುಳದ ಥರದ ಪ್ಲಾಸ್ಟಿಕ್‌ಗೆ ಇದು ಈಗ್ಲೂ ಬೆಸ್ಟ್, ಟೆಕ್ಸಾಸ್ ರಿಗ್ ಅನ್ನೋ ಜೋಡಣೆಗೆ ಅದನ್ನೇ ಹಾಕಿ, ಮುಂದೆ ದಾರಕ್ಕೆ ಒಂದು ಬುಲೆಟ್ ಸಿಂಕರ್ (ಗುಂಡಿನಾಕಾರದ ತೂಕ), ಮುಗೀತು. ಆದ್ರೆ ದಪ್ಪ ಮೈಯ ಶ್ಯಾಡ್‌ಗೆ (ಮೀನಿನ ಆಕಾರದ ಸಾಫ್ಟ್ ಲ್ಯೂರ್‌ಗೆ) ಹಾಕಿದ್ರೆ ನಾಲ್ಕೈದು ಕ್ಯಾಸ್ಟ್ ಆಗೋ ಹೊತ್ತಿಗೆ ಮೂಗು ಮಡಿಕೆ ದಾಟಿ ಕೆಳಗೆ ಜಾರುತ್ತೆ, ಲ್ಯೂರ್ ಬಾಗಿ ನಿಲ್ಲುತ್ತೆ, ಪ್ರತಿ ಸಲ ಸರಿ ಮಾಡ್ಕೊಂಡು ಕೂರ್ಬೇಕು. ಹೊಡೆತ ಬಿದ್ರಂತೂ ಮೂಗೇ ಹರಿದು ಹೋಗುತ್ತೆ. ಸ್ಕ್ರೂ ಇದ್ದಾಗ ಲ್ಯೂರನ್ನ ಎಳೆಯೋ ಕೆಲಸ ಸುರುಳಿದು, ಮೀನನ್ನ ಹಿಡಿಯೋ ಕೆಲಸ ಹುಕ್‌ದು, ಎರಡೂ ಬೇರೆ ಬೇರೆ ಆಗಿರೋದ್ರಿಂದ ಒಂದೇ ಲ್ಯೂರ್ ತುಂಬಾ ಹೊತ್ತು ಬಾಳುತ್ತೆ.

ಇನ್ನು ತೂಕದ ವಿಷಯ. ಹುಕ್‌ನ ಕೆಳಗಡೆ ತಂತಿಗೆ ಅಚ್ಚು ಹಾಕಿರೋ ಆ ಸೀಸ ದೋಣಿಯ ತಳಕ್ಕೆ ಭಾರ ಇಟ್ಟ ಹಾಗೆ ಕೆಲಸ ಮಾಡುತ್ತೆ, ಲ್ಯೂರ್ ಎಷ್ಟು ಹೊರಳಿದ್ರೂ ಮತ್ತೆ ಬೆನ್ನು ಮೇಲಕ್ಕೆ ಬರುತ್ತೆ. ತೂಕ ಇಲ್ಲದ ಹುಕ್‌ಗೆ ಶ್ಯಾಡ್ ಹಾಕಿ ಸ್ವಲ್ಪ ಸ್ಪೀಡಾಗಿ ಎಳೆದು ನೋಡಿ, ಪಲ್ಟಿ ಹೊಡೆಯುತ್ತೆ. ತೂಕ ಮುಂದೆ ಕಣ್ಣಿನ ಹತ್ರ ಇದ್ರೆ ತಲೆ ಕೆಳಗಾಗಿ ಇಳಿಯುತ್ತೆ, ನಡುವೆ ಇದ್ರೆ ಮಟ್ಟವಾಗಿ ನಿಧಾನಕ್ಕೆ ಇಳಿಯುತ್ತೆ, ಈ ನಿಧಾನದ ಇಳಿತ ಪಾಚಿ ಮಧ್ಯದ ಗುಂಡಿಗಳಲ್ಲಿ ಅದ್ಭುತ ಕೆಲಸ ಮಾಡುತ್ತೆ, ಎಳೆಯೋದು ನಿಲ್ಲಿಸಿ ಲ್ಯೂರ್ ಇಳಿಯೋಕೆ ಬಿಟ್ಟಾಗ್ಲೇ ಹೊಡೆತ ಬೀಳೋದು ಜಾಸ್ತಿ. ಪ್ಯಾಕ್ ಮೇಲೆ ತೂಕ ಔನ್ಸಲ್ಲಿ ಬರೆದಿರುತ್ತೆ, ಒಂದು ಔನ್ಸ್ ಅಂದ್ರೆ 28 ಗ್ರಾಂ ಚಿಲ್ಲರೆ, ಹಂಗಾಗಿ 1/8 ಅಂದ್ರೆ ಹತ್ರ ಹತ್ರ 3.5 ಗ್ರಾಂ, 1/4 ಅಂದ್ರೆ 7 ಗ್ರಾಂ. ಒಂದು ಮೀಟರ್ ಆಳದ ಗಿಡಗಂಟಿ ಜಾಗಕ್ಕೆ 3.5 ಸಾಕು. ಜಾಸ್ತಿ ತೂಕ ಇದ್ರೆ ದೂರ ಹೋಗುತ್ತೆ ಅನ್ನೋ ಆಸೆಗೆ ಭಾರದ್ದು ತಗೋಬೇಡಿ, ಆಳ ಕಮ್ಮಿ ಇರೋ ಕಡೆ ಅದು ನೇರ ಪಾಚಿ ಒಳಗೆ ಹೋಗಿ ಕೂರುತ್ತೆ, ತಪ್ಪಿಸೋಕೆ ಸ್ಪೀಡಾಗಿ ಎಳೀಬೇಕಾಗುತ್ತೆ, ಆಗ ಮೀನಿಗೆ ಟೈಮೇ ಸಿಗಲ್ಲ.

ಇದು ಎಲ್ಲಿ ಗೆಲ್ಲುತ್ತೆ ಅಂದ್ರೆ ಜೊಂಡು, ತಾವರೆ ಎಲೆ, ಮುಳುಗಿದ ಮರ, ಪಾಚಿ. ಮರಲ್ (ಹಾವಿನ ತಲೆಯಂಥ ತಲೆ ಇರೋ ಬೇಟೆ ಮೀನು) ಥರದ ಮೀನು ಕೂರೋ ಜಾಗ, ಬಾಸ್ ಕೂರೋ ಜಾಗ, ಪೈಕ್ ಹೊಂಚು ಹಾಕೋ ಜಾಗ. ಓಪನ್ ಹುಕ್ ಹಾಕಿ ಅಲ್ಲಿಗೆ ಎಸೆಯೋಕೂ ಆಗಲ್ಲ. ಇದನ್ನ ಎಲೆ ಮೇಲೆ ಬೀಳಿಸಿ, ಮೆಲ್ಲಗೆ ಅಂಚಿನ ತನಕ ಎಳೆದು, ಅಂಚಿನಿಂದ ನೀರಿಗೆ ಜಾರಿಸಿ ಒಂದು ಕ್ಷಣ ಬಿಡಿ, ದಾರ ಪಕ್ಕಕ್ಕೆ ಸರಿದಿದ್ದು ಕಂಡ್ರೆ ಅದೇ ಬೈಟ್. ಆ ಹೊತ್ತಲ್ಲಿ ಕೈ ನಡುಗುತ್ತೆ, ಆದ್ರೂ ತಕ್ಷಣ ಎಳೀಬಾರದು, ದಾರದ ಸಡಿಲ ಸುತ್ತಿಕೊಂಡು ಮೀನಿನ ತೂಕ ಕೈಗೆ ಸಿಕ್ಕಮೇಲೆ ರಾಡನ್ನ ಪಕ್ಕಕ್ಕೆ ಗಟ್ಟಿಯಾಗಿ ಎಳೀಬೇಕು.

ಇಲ್ಲೇ ಇನ್ನೊಂದು ಮುಖ್ಯ ಮಾತು ಬರುತ್ತೆ, ರಾಡ್. ದಪ್ಪ ತಂತಿಯ 6/0 ಹುಕ್ ಮೊದಲು ಪ್ಲಾಸ್ಟಿಕ್ ದಾಟಬೇಕು, ಆಮೇಲೆ ಗಟ್ಟಿ ಬಾಯಿಗೆ ಇಳೀಬೇಕು, ಇದಕ್ಕೆ ಹೆವಿ ಅಥವಾ ಮೀಡಿಯಂ ಹೆವಿ ರಾಡ್, ಹಿಗ್ಗದ ಬ್ರೇಡ್ ಎರಡೂ ಬೇಕು. ಮೆತ್ತಗಿನ ಲೈಟ್ ರಾಡ್, ಮೋನೋ ಲೈನ್ (ಹಿಗ್ಗೋ ಒಂಟಿ ಎಳೆಯ ನೈಲಾನ್ ದಾರ) ಇಟ್ಕೊಂಡು ಈ ಹುಕ್ ಹಾಕಿದ್ರೆ ಮೀನು ಹೊಡೆಯುತ್ತೆ, ಎರಡು ಸೆಕೆಂಡ್ ಇರುತ್ತೆ, ಬಿಟ್ಟು ಹೋಗುತ್ತೆ. ಜನ ಇದನ್ನ ಹುಕ್ ಕೆಟ್ಟದು ಅಂತ ರಿವ್ಯೂ ಬರೀತಾರೆ, ನಾನು ಓದಿರೋ ಎಷ್ಟೋ ಒಂದು ಸ್ಟಾರ್ ರಿವ್ಯೂಗಳಲ್ಲಿ ವಿವರ ನೋಡಿದ್ರೆ ತೊಂದರೆ ಇರೋದು ರಾಡ್‌ದೇ. ಲೈಟ್ ಸೆಟಪ್ ಇರೋರು ಇದೇ ಡಿಸೈನಲ್ಲಿ ತೆಳು ತಂತಿಯ ಚಿಕ್ಕ ಸೈಜ್ ತಗೊಳ್ಳಿ, ಚೆನ್ನಾಗಿ ಕೂರುತ್ತೆ.

ಹುಕ್‌ನ ಬಾಯಿ ಎಷ್ಟು ಅಗಲ ಇರ್ಬೇಕು ಅನ್ನೋದನ್ನ ಯಾರೂ ನೋಡಲ್ಲ. ಲ್ಯೂರಿನ ಮೈ ದಪ್ಪದ ಎರಡರಷ್ಟು ಹತ್ರಕ್ಕೆ ಹುಕ್‌ನ ಬಾಯಿ ಇರ್ಲಿ, ಯಾಕಂದ್ರೆ ಮೀನು ಕಚ್ಚಿದಾಗ ಪ್ಲಾಸ್ಟಿಕ್ ಕುಗ್ಗಿ ಕೆಳಗೆ ಹೋಗೋಕೆ ಜಾಗ ಬೇಕು, ಇಲ್ಲಾಂದ್ರೆ ಬಾಗಿನ ತುಂಬಾ ಬರೀ ಪ್ಲಾಸ್ಟಿಕ್ಕೇ ತುಂಬಿರುತ್ತೆ, ಮೊನೆಗೆ ಮಾಂಸ ಸಿಗಲ್ಲ. ದಪ್ಪ ಶ್ಯಾಡ್‌ಗೆ ಲ್ಯೂರಿನ ಉದ್ದ ನೋಡಿ ಹುಕ್ ಆರಿಸೋದು ತಪ್ಪು, ದಪ್ಪ ನೋಡಿ ಆರಿಸಿ.

ಈಗ ಎಲ್ಲಿ ಸೋಲುತ್ತೆ ಅನ್ನೋದು. ಗಿಡಗಂಟಿ ಇಲ್ಲದ, ಆಳ ಇರೋ ತೆರೆದ ನೀರಲ್ಲಿ ಇದನ್ನ ಹಾಕೋಕೆ ಕಾರಣಾನೇ ಇಲ್ಲ. ಮೊನೆ ಅಡಗಿರೋ ಹುಕ್ಕು ಮೊನೆ ಹೊರಗಿರೋ ಹುಕ್ಕಿನಷ್ಟು ಚೆನ್ನಾಗಿ ಯಾವತ್ತೂ ಕಚ್ಚಿಕೊಳ್ಳಲ್ಲ, ತೊಡಕು ಇಲ್ಲದ ಕಡೆ ಆ ನಷ್ಟ ಯಾಕೆ ಮೈಮೇಲೆ ಹಾಕ್ಕೋಬೇಕು? ಅಲ್ಲಿಗೆ ಜಿಗ್ ಹೆಡ್, ಅಂದ್ರೆ ಕಣ್ಣಿನ ಹತ್ರ ಸೀಸದ ತಲೆ ಇರೋ, ಮೊನೆ ಹೊರಗಿರೋ ಹುಕ್. ಜೊತೆಗೆ ಇದರ ತೂಕ ಹುಕ್‌ಗೇ ಅಂಟಿರುತ್ತೆ, ಗಾಳಿ ಎದ್ರೆ, ಸೆಳೆತ ಜಾಸ್ತಿ ಆದ್ರೆ ತೂಕ ಬದಲಾಯಿಸೋಕೆ ಇಡೀ ಹುಕ್ಕೇ ಬದಲಾಯಿಸ್ಬೇಕು. ಈ ವಿಷಯದಲ್ಲಿ ಚೆಬುರಾಷ್ಕಾ ಸಿಂಕರ್ ಗೆಲ್ಲುತ್ತೆ, ಗುಂಡು ಸೀಸದ ಒಳಗಿಂದ ತಂತಿ ಕ್ಲಿಪ್ ತೆಗೆದು ಯಾವ ಹುಕ್ ಬೇಕೋ ಅದನ್ನ ಹಾಕಿ ಮತ್ತೆ ತಳ್ಳಿದ್ರೆ ಆಯ್ತು, 5 ಗ್ರಾಂ ಇದ್ದಿದ್ದು ನಿಮಿಷದಲ್ಲಿ 12 ಗ್ರಾಂ ಆಗುತ್ತೆ, ಹುಕ್ ಕೀಲಿನ ಮೇಲೆ ಆಡೋದ್ರಿಂದ ಲ್ಯೂರ್ ತಳದಲ್ಲಿ ಕುಪ್ಪಳಿಸೋದೂ ಚೆನ್ನಾಗಿರುತ್ತೆ. ತಳ ಕೆದಕ್ಕೊಂಡು ಮೀನು ಹುಡುಕೋರಿಗೆ ನಾನು ಅದನ್ನೇ ಹೇಳೋದು.

ದೊಡ್ಡ ಶ್ಯಾಡ್, ಅಂದ್ರೆ 20 ಸೆಂಟಿಮೀಟರ್ ಮೇಲಿನವು, ಅದಕ್ಕೆ ಒಂಟಿ ಹುಕ್ ಸಾಲಲ್ಲ ಅನ್ನೋದು ನನ್ನ ಅಭಿಪ್ರಾಯ. ಹುಕ್ ಇರೋದು ಮುಂದಿನ ಅರ್ಧದಲ್ಲಿ, ಹಿಂದಿನಿಂದ ಬಾಲಕ್ಕೆ ಬಾಯಿ ಹಾಕೋ ಮೀನು ಬರೀ ಪ್ಲಾಸ್ಟಿಕ್ ಕಿತ್ಕೊಂಡು ಹೋಗುತ್ತೆ. ತೆರೆದ ನೀರಲ್ಲಿ ಸ್ಟಿಂಗರ್ ಹಾಕಿ, ಮೂಗಿಗೆ ಒಂದು ಸ್ಕ್ರೂ, ಅದರಿಂದ ತಂತೀಲಿ ಹಿಂದಕ್ಕೆ ಒಂದು ಟ್ರೆಬಲ್ ಹುಕ್ (ಮೂರು ಮುಳ್ಳಿನದು), ಅದರ ಒಂದು ಮುಳ್ಳನ್ನ ಮೈಗೆ ಚುಚ್ಚಿ ಕೂರಿಸಿ. ತಂತಿ ಬಿಗಿಯಾಗಿ ಎಳೆದು ಕಟ್ಬೇಡಿ, ಸ್ವಲ್ಪ ಸಡಿಲ ಇರ್ಲಿ, ಬಿಗಿ ಇದ್ರೆ ಮೈ ಹೊರಳೋದೇ ನಿಂತುಹೋಗುತ್ತೆ, ಟ್ರೆಬಲ್ ತೀರಾ ಬಾಲದ ಬುಡಕ್ಕೆ ಹೋದ್ರೂ ಅಷ್ಟೆ. ಮೀನು ಬಿಡೋರಿಗೆ ಮಾತ್ರ ಒಂಟಿ ಹುಕ್ಕೇ ಒಳ್ಳೇದು, ಬಿಡಿಸೋದು ಸುಲಭ, ಕಿವಿರಿಗೆ ಗಾಯ ಆಗೋದು ಕಮ್ಮಿ, ಬಾರ್ಬನ್ನ (ಮೊನೆ ಹತ್ರದ ಹಿಮ್ಮುಖ ಮುಳ್ಳನ್ನ) ಇಕ್ಕಳದಲ್ಲಿ ಅದುಮಿಬಿಟ್ರೆ ಇನ್ನೂ ಸಲೀಸು.

ಹಲ್ಲು ಚೂಪಿರೋ ಮೀನು ಇರೋ ನೀರಿಗೆ ಲೀಡರ್ (ದಾರಕ್ಕೂ ಹುಕ್‌ಗೂ ನಡುವೆ ಕಟ್ಟೋ ಗಟ್ಟಿ ತುಂಡು) ಇಲ್ದೆ ಇಳೀಲೇಬೇಡಿ. ಪೈಕ್, ಬ್ಯಾರಾಕುಡಾ ಥರದ್ದಕ್ಕೆ ಸ್ಟೀಲ್ ಇಲ್ಲಾ ಟೈಟಾನಿಯಂ ತಂತಿ. ಬ್ರೇಡ್ ಎಷ್ಟೇ ಪೌಂಡಿಂದಿರಲಿ, ಹಲ್ಲಿಗೆ ಸಿಕ್ರೆ ಕ್ಷಣದಲ್ಲಿ ಕಟ್ ಆಗುತ್ತೆ, ಲ್ಯೂರ್ ಹೋದ್ರೆ ಹೋಗ್ಲಿ, ಬಾಯಲ್ಲಿ ಹುಕ್ ಇಟ್ಕೊಂಡು ಆ ಮೀನು ಒದ್ದಾಡ್ಬೇಕಲ್ಲ, ಅದು ನನಗೆ ಸಹಿಸೋಕೆ ಆಗಲ್ಲ. ಬಾಸ್, ಮರಲ್‌ಗೆ ದಪ್ಪ ಫ್ಲೋರೋಕಾರ್ಬನ್ ಸಾಕು. ಪಾಲೋಮಾರ್ ಅನ್ನೋ ಗಂಟು ಹಾಕಿ, ಬಿಗಿ ಮಾಡೋ ಮುಂಚೆ ಒದ್ದೆ ಮಾಡಿ. ಸ್ನ್ಯಾಪ್ (ಹುಕ್ ಬೇಗ ಬದಲಾಯಿಸೋ ಕ್ಲಿಪ್) ಹಾಕೋರು ಲ್ಯೂರ್ ತೂಕಕ್ಕೆ ಸರಿಹೋಗೋ ಅಷ್ಟು ಚಿಕ್ಕದು ಹಾಕಿ, ದೊಡ್ಡ ಸ್ನ್ಯಾಪ್ ಪಾಚಿ ಬಾಚ್ಕೊಂಡು ಬರುತ್ತೆ.

ಅಗ್ಗದ ಕಾಪಿ ಹುಕ್‌ಗಳ ಬಗ್ಗೆ ಹೇಳ್ಲೇಬೇಕು. ಹೆಸರಿಲ್ಲದ ಒಂದು ಪ್ಯಾಕ್ ಬಳಸಿ ನೋಡಿದೀನಿ, ಫೋಟೋದಲ್ಲಿ ಥೇಟ್ ಇದೇ ಥರ. ಪಿನ್ನು ಸುರುಳಿಯ ನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ವಾಲಿತ್ತು, ಹಂಗಾಗಿ ಎಷ್ಟು ಜಾಗ್ರತೆಯಿಂದ ಹಾಕಿದ್ರೂ ಮೂಗು ಸೊಟ್ಟ. ತೂಕ ತಂತಿ ಮೇಲೆ ತಿರುಗ್ತಾ ಇತ್ತು, ಅಂದ್ಮೇಲೆ ಲ್ಯೂರನ್ನ ನೆಟ್ಟಗೆ ಇಡೋ ಅದರ ಕೆಲಸವೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹುಕ್‌ನ ಕಣ್ಣು ಪೂರ್ತಿ ಮುಚ್ಚಿರಲಿಲ್ಲ, ಕೂದಲೆಳೆಯಷ್ಟು ಸಂದಿ, ಬ್ರೇಡ್ ನೇರ ಕಟ್ಟಿದ್ರೆ ಆ ಸಂದೀಲಿ ಉಜ್ಜಿ ಉಜ್ಜಿ ಕಟ್ಟಾಗುತ್ತೆ. ಯಾವ ಕಂಪನೀದೇ ತಗೊಳ್ಳಿ, ಮನೆಗೆ ತಂದ ತಕ್ಷಣ ಈ ಮೂರನ್ನ ನೋಡಿ, ಪಿನ್ನು ನಡುವೆ ಇದೆಯಾ, ತೂಕ ಅಲ್ಲಾಡುತ್ತಾ, ಕಣ್ಣು ಮುಚ್ಚಿದೆಯಾ. ಮೊನೆಯನ್ನ ಹೆಬ್ಬೆರಳ ಉಗುರ ಮೇಲೆ ಮೆಲ್ಲಗೆ ಎಳೆದು ನೋಡಿ, ಜಾರದೆ ಕಚ್ಚಿ ನಿಂತ್ರೆ ಚೂಪಿದೆ ಅಂತ.

ಲ್ಯೂರ್ ಯಾವುದು ಹೊಂದುತ್ತೆ ಅಂದ್ರೆ, ತೀರಾ ಮೆತ್ತಗಿರೋದು ನೀರಲ್ಲಿ ಚೆನ್ನಾಗಿ ಆಡುತ್ತೆ ಆದ್ರೆ ಸ್ಕ್ರೂ ತೂತು ಬೇಗ ಸಡಿಲ ಆಗುತ್ತೆ, ಉಪ್ಪು ತುಂಬಿರೋ ಪ್ಲಾಸ್ಟಿಕ್ ಕೂಡ ಹಂಗೇ ಬೇಗ ಹರಿಯುತ್ತೆ. ಸಡಿಲ ಆದ ಮೂಗನ್ನ ಎಸೀಬೇಡಿ. ಮೂಗಿನ ತುದಿಯಿಂದ ಮೂರ್ನಾಲ್ಕು ಮಿಲಿಮೀಟರ್ ಬ್ಲೇಡಲ್ಲಿ ನೆಟ್ಟಗೆ ಕೊಯ್ದು ಹೊಸ ಜಾಗಕ್ಕೆ ಸ್ಕ್ರೂ ತಿರುಗಿಸಿ, ಲ್ಯೂರ್ ಸ್ವಲ್ಪ ಗಿಡ್ಡ ಆಗುತ್ತೆ, ಬಾಲ ಹಂಗೇ ಇರುತ್ತೆ, ಮೀನಿಗೆ ಬೇಕಿರೋದು ಬಾಲ. ಇಲ್ಲಾಂದ್ರೆ ತೂತಿಗೆ ಒಂದು ಹನಿ ಸೂಪರ್ ಗ್ಲೂ ಬಿಟ್ಟು ಸ್ಕ್ರೂ ಹಾಕಿ. ಝಡ್‌ಮ್ಯಾನ್ ಕಂಪನಿಯ ಇಲಾಝ್‌ಟೆಕ್ ಅನ್ನೋ ವಸ್ತುವಿನ ಲ್ಯೂರ್‌ಗಳು ಮಾಮೂಲಿ ಪಿವಿಸಿ ಅಲ್ಲ, ರಬ್ಬರಿನ ಹಾಗೆ ಹಿಗ್ಗುತ್ತೆ, ಸುಲಭಕ್ಕೆ ಹರಿಯಲ್ಲ, ನೀರಲ್ಲಿ ತೇಲುತ್ತೆ, ಹಂಗಾಗಿ ತಳದಲ್ಲಿ ನಿಂತಾಗ ಬಾಲ ಮೇಲಕ್ಕೆದ್ದು ನಿಲ್ಲುತ್ತೆ. ತೇಲೋದ್ರಿಂದ ಅದಕ್ಕೆ ಒಂದು ಸೈಜ್ ಜಾಸ್ತಿ ತೂಕದ ಹುಕ್ ಹಾಕ್ತೀನಿ. ಅದನ್ನ ಬೇರೆ ಸಾಫ್ಟ್ ಪ್ಲಾಸ್ಟಿಕ್ ಜೊತೆ ಒಂದೇ ಡಬ್ಬೀಲಿ ಮಾತ್ರ ಇಡ್ಬೇಡಿ, ಎರಡೂ ಕರಗಿ ಅಂಟಂಟಾಗಿ ಮುದ್ದೆ ಆಗುತ್ತೆ, ಅದರ ಪ್ಯಾಕಲ್ಲೇ ಇರ್ಲಿ.

ಬಳಸಿದ ಮೇಲೆ ಹುಕ್‌ನ ಲ್ಯೂರಿಂದ ತೆಗೀರಿ. ಪ್ಲಾಸ್ಟಿಕ್ ಒಳಗೆ ನೀರು ಉಳಿದು, ಉಪ್ಪು ಇರೋ ಲ್ಯೂರ್ ಆದ್ರೆ ಅದರ ಉಪ್ಪೂ ಸೇರಿ, ಸುರುಳಿಗೆ ಮೊದಲು ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಸುರುಳಿ ಮೂಗನ್ನ ಗರಗಸ ಹಾಕಿದ ಹಾಗೆ ಹರಿಯುತ್ತೆ. ಸಮುದ್ರದಲ್ಲಿ ಹಾಕಿದ್ರೆ ಸಿಹಿ ನೀರಲ್ಲಿ ತೊಳೆದು, ಒರೆಸಿ, ಒಣಗಿಸಿ ಇಡಿ. ಲ್ಯೂರನ್ನ ಹುಕ್ ಸಮೇತ ಬಾಗಿಸಿ ಡಬ್ಬಿಗೆ ತುರುಕಿಟ್ರೆ ಬಾಲ ಆ ಬಾಗಲ್ಲೇ ಉಳಿದುಬಿಡುತ್ತೆ, ಆಮೇಲೆ ಎಷ್ಟು ನೆಟ್ಟಗೆ ಹಾಕಿದ್ರೂ ಈಜಲ್ಲ. ಹಾಗಾಗಿದ್ರೆ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದ್ರೆ ಬಹಳಷ್ಟು ಸಲ ಸರಿಹೋಗುತ್ತೆ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಮ್ಮಿ ಮಾಡಿದ್ದು ತೂಕ ಬದಲಾಯಿಸೋಕೆ ಆಗಲ್ಲ ಅನ್ನೋದಕ್ಕೆ. ನಿಮ್ಮ ನೀರಲ್ಲಿ ಗಿಡಗಂಟಿ ಇದ್ರೆ, ಗಟ್ಟಿ ರಾಡ್ ಮತ್ತು ಬ್ರೇಡ್ ಇದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಬರೀ ತೆರೆದ ನೀರಾದ್ರೆ ಈ ದುಡ್ಡಲ್ಲಿ ಬೇರೆ ಬೇರೆ ತೂಕದ ಜಿಗ್ ಹೆಡ್ ತಗೊಳ್ಳಿ. ಮೊದಲ ಸಲ ತಗೊಳ್ಳೋರು ನಾಲ್ಕು ಇಂಚಿನ ಶ್ಯಾಡ್‌ಗೆ 4/0, 3.5 ಗ್ರಾಂ ಇರೋ ಒಂದು ಪ್ಯಾಕಿಂದ ಶುರು ಮಾಡಿ, ಐದು ಇಂಚಿಗೆ ಹೋಗೋವಾಗ 5/0 ಇಲ್ಲಾ 6/0, ಆದ್ರೆ ಕಂಪನಿಯಿಂದ ಕಂಪನಿಗೆ ಸೈಜ್ ಬದಲಾಗುತ್ತೆ, ಆದ್ರಿಂದ ಸಾಧ್ಯ ಆದ್ರೆ ಲ್ಯೂರನ್ನ ಜೊತೆಗೇ ತಗೊಂಡು ಹೋಗಿ ಹುಕ್ ಪಕ್ಕದಲ್ಲಿ ಹಿಡಿದು ನೋಡಿ ತಗೊಳ್ಳಿ.